ಸುರುಳಿಯ ಕೊನೆಯ ಹತ್ತು ಅಡಿ

ಕಿಣ್ಣಿ ಸುಲ್ತಾನವೆಂಬ ಹಳ್ಳಿಯ ರೇವಣಪ್ಪನ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಬೇಕಾದಷ್ಟು ಜನ ಇದ್ದಾರೆ. ಕೊಲ್ಲಾಪುರದ ಸ್ಟುಡಿಯೋದಲ್ಲಿ ಅವನ ಜೊತೆ ದುಡಿದವರಿದ್ದಾರೆ, ಊರಲ್ಲಿ ಅಣ್ಣತಮ್ಮಂದಿರಿದ್ದಾರೆ. ಆದರೆ ಅವನ ಕೆಲಸ ಕೆಡಿಸಿದವನು ನಾನೊಬ್ಬನೇ. ಆದ್ದರಿಂದ ನಾನೇ ಬರೆಯಬೇಕು.

ನಾನು ಆಳಂದದ ಜಯತೀರ್ಥ, ಸುಂಕದ ನಾಕಾದಲ್ಲಿ ಕಾರಕೂನ. ರೇವಣಪ್ಪ ಮತ್ತು ನಾನು ಆಳಂದದ ಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕುಳಿತು ಉರ್ದು ಅಕ್ಷರ ತಿದ್ದಿದವರು. ನನಗೆ ಅಕ್ಷರ ಹತ್ತಿತು, ಅವನಿಗೆ ಹತ್ತಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಕೋಲು ಒಳಗೆ ಬಿದ್ದರೆ ಸಾಕು, ಅವನು ಪಾಟಿ ಪಕ್ಕಕ್ಕಿಟ್ಟು ಅದನ್ನೇ ನೋಡುತ್ತ ಕೂಡುತ್ತಿದ್ದ. "ಇನ್ನ ನಾಕ ನಿಮಿಷಕ್ಕ ಮಾಸ್ತರ ಮೂಗಿನ ಮ್ಯಾಲ ಬರ್ತದ ನೋಡು" ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದ. ಸರಿಯಾಗಿ ಬರುತ್ತಿತ್ತು. ಅದನ್ನು ನೋಡಿ ನಾನು ನಗುತ್ತಿದ್ದೆ, ಏಟು ಮಾತ್ರ ಇಬ್ಬರಿಗೂ ಬೀಳುತ್ತಿತ್ತು.

ಹದಿನೇಳನೆಯ ವಯಸ್ಸಿಗೆ ರೇವಣಪ್ಪ ತೊಗರಿ ತುಂಬಿದ ಬಂಡಿಗಳ ಹಿಂದೆ ಸೊಲ್ಲಾಪುರಕ್ಕೆ ಹೋದ, ಅಲ್ಲಿಂದ ಕೊಲ್ಲಾಪುರಕ್ಕೆ. ಅಲ್ಲಿ ಮೂರು ವರ್ಷ ಕ್ಯಾಮೆರಾದ ಮೂರುಕಾಲಿನ ಸ್ಟ್ಯಾಂಡು ಹೊತ್ತ, ನಾಲ್ಕು ವರ್ಷ ಗಾಜು ಒರೆಸಿದ. ಆಮೇಲೆ ಕತ್ತಲೆ ಕೋಣೆಯಲ್ಲಿ ಕೂತು ಡಬ್ಬಿಗಳಿಗೆ ಫಿಲ್ಮು ತುಂಬುವ ಕೆಲಸ ಸಿಕ್ಕಿತು. ಅವನ ತಾಯಿ ನಿಂಬೆವ್ವ ಊರವರಿಗೆಲ್ಲ "ನನ್ನ ಮಗ ಕತ್ತಲಿ ಖೋಲ್ಯಾಗ ಇರ್ತಾನ್ರಿ" ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಕೇಳಿದವರು ಅವನು ಜೈಲಿನಲ್ಲಿದ್ದಾನೆಂದು ತಿಳಿದು ಮಾತು ಬೆಳೆಸುತ್ತಿರಲಿಲ್ಲ.

ಸಾವಿರದ ಒಂಬೈನೂರ ನಲವತ್ತೇಳರಲ್ಲಿ ಒಬ್ಬ ಸೇಠ ಸಣ್ಣದೊಂದು ಮರಾಠಿ ಚಿತ್ರ ತೆಗೆಯುತ್ತಿದ್ದ. ಅರ್ಧ ಚಿತ್ರ ಮುಗಿಯುವಷ್ಟರಲ್ಲಿ ಕ್ಯಾಮೆರಾದವನು ಜಗಳ ಮಾಡಿಕೊಂಡು ಮುಂಬಯಿಗೆ ಹೋದ. ಬೇರೆ ಯಾರೂ ಕೈಗೆ ಸಿಗದೆ ಸೇಠ ರೇವಣಪ್ಪನನ್ನು ನಿಲ್ಲಿಸಿದ. ಚಿತ್ರದ ಕೊನೆಯ ದೃಶ್ಯ ಚೆನ್ನಾಗಿ ಬಂದರೆ ಮುಂದಿನ ಚಿತ್ರ ಮೊದಲಿಂದ ಕೊನೆಯವರೆಗೂ ನಿನ್ನದೇ, ಪರದೆಯ ಮೇಲೆ ನಿನ್ನ ಹೆಸರೊಂದೇ ಬರುತ್ತದೆ ಎಂದ. ಹನ್ನೆರಡು ವರ್ಷ ಕಾದವನಿಗೆ ಇದಕ್ಕಿಂತ ದೊಡ್ಡ ಮಾತು ಇನ್ನೇನಿದೆ!

ಕೊನೆಯ ದೃಶ್ಯಕ್ಕೆ ನದಿ ಬೇಕಿತ್ತು. ರೇವಣಪ್ಪ ಚಿತ್ರದ ಮಂದಿಯನ್ನೆಲ್ಲ ಕರೆದುಕೊಂಡು ಭೀಮಾ ದಂಡೆಯ ಘತ್ತರಗಿಗೆ ಬಂದ. ಕತೆ ಇಷ್ಟೇ: ಗಂಡ ಬಿಟ್ಟುಹೋದ ಹೆಣ್ಣುಮಗಳೊಬ್ಬಳು ಸಾಯಬೇಕೆಂದು ಹೊಳೆಗೆ ಇಳಿಯುತ್ತಾಳೆ. ಕೈಯಲ್ಲಿದ್ದ ದೀಪವನ್ನು ನೀರಿಗೆ ಬಿಡುತ್ತಾಳೆ. ದೀಪ ತೇಲಿ ಹೋಗುವುದನ್ನು ನೋಡುತ್ತ ಮನಸ್ಸು ತಿರುಗುತ್ತದೆ. ದಂಡೆಯ ಕಡೆ ಹೊರಳಿ ನಗುತ್ತಾಳೆ. ಆ ನಗುವಿಗೂ ಎಳೆಬಿಸಿಲು ಅವಳ ಮುಖಕ್ಕೆ ಬೀಳುವುದಕ್ಕೂ ಸರಿಹೋಗಬೇಕು. ಅಂಥ ಬಿಸಿಲು ಭೀಮೆಯ ದಂಡೆಗೆ ಬೆಳಿಗ್ಗೆ ನಾಲ್ಕು ನಿಮಿಷ ಇರುತ್ತದೆ. ಮೋಡ ಕವಿದು ಹತ್ತು ದಿನ ಸಿಗಲಿಲ್ಲ, ಹನ್ನೊಂದನೆಯ ದಿನ ಸಿಕ್ಕಿತು. ಕಚ್ಚಾ ಫಿಲ್ಮು ಸಿಗುವುದೇ ಕಷ್ಟವಾಗಿದ್ದ ಕಾಲ, ಅವನು ಆ ಸುರುಳಿಯನ್ನು ಕೊನೆಯ ಅಡಿಯವರೆಗೂ ಓಡಿಸಿದ. ಆ ನಗು ಬಂದದ್ದು ಕೊನೆಯ ಹತ್ತು ಅಡಿಯಲ್ಲಿ.

ಇದೆಲ್ಲ ಅವನೇ ನನಗೆ ಹೇಳಿದ್ದು, ಅದೇ ದಿನ ಮಧ್ಯಾಹ್ನ, ನನ್ನ ನಾಕಾದ ಬೇವಿನ ಗಿಡದ ಕೆಳಗೆ.

ನಮ್ಮ ನಾಕಾ ಅಫಜಲಪುರದಿಂದ ದುಧನಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಸರಹದ್ದಿನ ಮೇಲಿತ್ತು. ಆಚೆ ಸ್ವರಾಜ್ಯ ಬಂದು ಎರಡು ತಿಂಗಳಾಗಿತ್ತು, ಈಚೆ ನಿಜಾಮರ ಸರ್ಕಾರವೇ ಇತ್ತು. ಮದ್ದುಗುಂಡು ಸಾಗುತ್ತದೆಂಬ ಸುದ್ದಿ ಹಬ್ಬಿ, ಮುಚ್ಚಳವಿರುವ ಯಾವ ವಸ್ತುವನ್ನೂ ತೆರೆಯದೆ ಬಿಡಬಾರದೆಂದು ಮೇಲಿನಿಂದ ಹುಕುಮು ಬಂದಿತ್ತು. ನಾನು ಉಪ್ಪಿನಕಾಯಿ ಭರಣಿಯಲ್ಲೂ ಕೈಯಾಡಿಸಿದ್ದೇನೆ. ಹೊಸ ಸೊಸೆಯಂದಿರ ಟ್ರಂಕು ತೆರೆಸಿ ಅವರ ಅತ್ತೆಯರಿಂದ ಬೈಸಿಕೊಂಡಿದ್ದೇನೆ. ಯಾವ ವಸ್ತು ಸಿಕ್ಕರೂ ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡುವುದು ನನ್ನ ಚಾಳಿ. ಕಾಳಿರಲಿ, ಬಟ್ಟೆಯಿರಲಿ, ಬೆರಳಿಗೆ ತಿಳಿಯದ್ದು ಕಣ್ಣಿಗೆ ತಿಳಿಯುವುದಿಲ್ಲವೆಂದು ನಂಬಿದ್ದೆ.

ಟಾಂಗಾದಲ್ಲಿ ರೇವಣಪ್ಪ ಒಬ್ಬನೇ ಬಂದ. ತೊಡೆಯ ಮೇಲೆ ಕೌದಿಯ ಗಂಟು.

"ಏನೋ ಅದು ಕೌದ್ಯಾಗ? ಕೂಸೇನು?" ಎಂದೆ.

"ಕೂಸ ಅಂತ ತಿಳಕೋ. ಬಿಸಿಲಿಗೆ ಹಿಡಿಬ್ಯಾಡ" ಎಂದು ನಕ್ಕ.

ಒಳಗೆ ಮೂರು ತಗಡಿನ ಡಬ್ಬಿಗಳಿದ್ದವು. ಇನ್ನೂ ರಸಾಯನದಲ್ಲಿ ತೊಳೆದು ಚಿತ್ರ ಮೂಡಿಸದ ಫಿಲ್ಮು, ಬೆಳಕು ತಾಗಿದರೆ ಸತ್ತೇಹೋಗುತ್ತದೆ ಎಂದ. ಅಂದು ಸಂಜೆಯ ಗಾಡಿ ಹಿಡಿದು ಪುಣೆಗೆ ಒಯ್ದು ತೊಳೆಸಬೇಕಿತ್ತು. ನೀರು ಕುಡಿದು ಗಿಡದ ಕೆಳಗೆ ಕುಳಿತು ಕತೆಯನ್ನೆಲ್ಲ ಹೇಳಿದ. ಮುಂದಿನ ಚಿತ್ರದ ಮಾತು ಬಂದಾಗ ಅವನಿಗೆ ಕೂಡಲಾಗಲಿಲ್ಲ, ಎದ್ದು ನಿಂತ.

"ಸೇಠಗ ಹೇಳೇನಿ. ಮುಂದಿಂದು ಕನ್ನಡದಾಗ ಮಾಡೂಣು ಅಂತ. ನಮ್ಮ ಜ್ವಾಳದ ಹೊಲ, ಎಳೆ ತೆನಿ ಕೊಯ್ದು ಸೀತನಿ ಸುಡೋದು, ಹೆಣ್ಮಕ್ಕಳು ಬುತ್ತಿ ಹೊತ್ತು ಮಂಜಿನ್ಯಾಗ ಬರೋದು. ನಮ್ಮವ್ವ ಕುಂತು ನೋಡಬೇಕು. ಯಾರೂ ಅಕಿಗಿ ಅರ್ಥ ಹೇಳಬಾರದು. ಹನ್ನೆರಡ ವರ್ಷ ಏನ ಮಾಡಿದ್ನಿ ಅಂತ ತಾನ ತಿಳಕೋಬೇಕು."

ಸಿಪಾಯಿ ಇಸ್ಮಾಯಿಲ ನನ್ನ ಕಡೆ ನೋಡಿದ. "ಬಿಡ್ರಿ ರಾಯರ, ನಮ್ಮ ಆಳಂದ ಕಡಿಯವರೇ ಅದಾರ. ಸಿಕ್ಕಾ ಹೊಡದು ಕಳಸ್ರಿ" ಎಂದ.

ಬಿಡಬಹುದಾಗಿತ್ತು. ಆದರೆ ನನಗೆ ಹೆದರಿಕೆಯಾಯಿತು. ನಾಳೆ ಯಾರಾದರೂ ಚಾಡಿ ಹೇಳಿದರೆ ನೌಕರಿಯಷ್ಟೇ ಅಲ್ಲ, ತಲೆಯೂ ಹೋಗುವಂಥ ದಿನಗಳು ಅವು. ಹೆದರಿಕೆಯ ಜೊತೆಗೆ ಜಂಬವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಅಕ್ಷರ ಹತ್ತದ ಹುಡುಗ ಹೀಗೆ ಎದೆಯುಬ್ಬಿಸಿ ನಿಂತಿದ್ದಾನೆ, ಅಕ್ಷರ ಕಲಿತ ನಾನು ಭರಣಿಯಲ್ಲಿ ಕೈಯಾಡಿಸುತ್ತ ಕೂತಿದ್ದೇನೆ ಎಂಬ ಉರಿಯೂ ಇತ್ತು.

"ಹುಕುಮ ಅಂದ್ರ ಹುಕುಮ. ತೆಗಿಬೇಕು" ಎಂದೆ.

ರೇವಣಪ್ಪನ ಮುಖ ಬಾಡಿತು. ತನ್ನ ಸಾಮಾನಿನಿಂದ ಎರಡು ತೋಳುಗಳಿದ್ದ ದಪ್ಪನೆಯ ಕರಿಬಟ್ಟೆಯ ಚೀಲ ತೆಗೆದ. ಬಯಲಲ್ಲಿ ಫಿಲ್ಮು ತುಂಬುವಾಗ ಅದೇ ಅವರ ಕತ್ತಲೆ ಕೋಣೆ. ಡಬ್ಬಿಗಳನ್ನು ಅದರಲ್ಲಿಟ್ಟು ಬಾಯಿ ಬಿಗಿದ.

"ತೋಳಿನ್ಯಾಗ ಕೈ ಹಾಕು. ಮುಚ್ಚಳ ಒಳಗ ತೆಗಿ. ಅಂಚು ಅಷ್ಟ ಸವರಿ ನೋಡು, ಮೈ ಮುಟ್ಟಬ್ಯಾಡ. ಬೆರಳ ಹತ್ತಿದ್ರ ಅದರ ಕಲಿ ಏನ ಮಾಡಿದ್ರೂ ಹೋಗಂಗಿಲ್ಲ, ಜಯತೀರ್ಥ."

ಮೊದಲ ಎರಡು ಡಬ್ಬಿಗಳನ್ನು ಅವನು ಹೇಳಿದಂತೆಯೇ ನೋಡಿದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಕೈಗೆ ಧೈರ್ಯ ಬಂದಿತ್ತು. ಒಳಗೆ ಏನು ನಡೆದರೂ ಹೊರಗೆ ಯಾರಿಗೂ ಕಾಣುವುದಿಲ್ಲ. ಸುರುಳಿಯ ತುದಿ ಸಿಕ್ಕಿತು, ಎಳೆದೆ. ಕೊನೆಗೆ ಓಡಿದ ಭಾಗವೇ ಎಲ್ಲಕ್ಕಿಂತ ಮೇಲೆ ಸುತ್ತಿರುತ್ತದೆಂದು ನನಗೇನು ಗೊತ್ತು! ಎಳೆದಷ್ಟೂ ಬಂತು. ನುಣ್ಣಗಿತ್ತು, ತಣ್ಣಗಿತ್ತು. ನನ್ನ ಹೆಬ್ಬೆರಳು ತನ್ನ ಚಾಳಿ ಬಿಡಲಿಲ್ಲ. ಅರ್ಧ ಗಳಿಗೆಯ ಹಿಂದಷ್ಟೇ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಿಕ್ಕಿದ್ದ ಹೆಬ್ಬೆರಳು ಅದು. ಗೇಣು ಗೇಣಿಗೂ ತಿಕ್ಕಿ ನೋಡಿದೆ. ಮದ್ದೂ ಇಲ್ಲ, ಗುಂಡೂ ಇಲ್ಲ. ಹೇಗೋ ಸುತ್ತಿ ಡಬ್ಬಿಗೆ ತುರುಕಿ ಮುಚ್ಚಿದೆ.

ರೇವಣಪ್ಪನಿಗೆ ಸಂಶಯ ಬಂತು. ತಾನೇ ಚೀಲದಲ್ಲಿ ಕೈ ಹಾಕಿ, ಮುಚ್ಚಳ ತೆಗೆದು ಸವರಿ ನೋಡಿದ.

"ಸುರಳಿ ಸಡ್ಲ ಆಗೇದಲ್ಲೋ" ಎಂದ. ಧ್ವನಿ ಸಣ್ಣದಾಗಿತ್ತು. "ಮೈ ಮುಟ್ಟಿದೇನು? ಮುಟ್ಟಿದ್ರ ಹೇಳು, ನಾ ಸಿಟ್ಟಾಗಂಗಿಲ್ಲ. ಎಲ್ಲಾರೂ ಇನ್ನ ಘತ್ತರಗ್ಯಾಗ ಅದಾರ, ನಾಳೆ ಹೋಗೋರು. ಇನ್ನೊಂದು ಡಬ್ಯಾಗ ನೂರು ಅಡಿ ಕಚ್ಚಾ ಫಿಲ್ಮ ಉಳದದ. ಈಗ ಹೇಳಿದ್ರ ಹೊಳ್ಳಿ ಹೋಗಿ ಮುಂಜಾನೆ ಮತ್ತ ತೆಗಿತೇನಿ."

ಇಸ್ಮಾಯಿಲ ಎದುರಿಗೇ ನಿಂತಿದ್ದ. ಟಾಂಗಾದವನು ನೋಡುತ್ತಿದ್ದ. ಹೌದು ಎನ್ನಲು ಎಷ್ಟು ಹೊತ್ತು ಬೇಕು?

"ಇಲ್ಲಪಾ. ಅಂಚು ಅಷ್ಟ ಹಿಡದೇನಿ" ಎಂದೆ.

ಅವನು ನಂಬಿದ. ನನ್ನ ಹೆಗಲ ಮೇಲೆ ಕೈಯಿಟ್ಟು, "ಪಿಚ್ಚರ ಬಂದಾಗ ಸೊಲ್ಲಾಪುರಕ ಬಾ, ಖುರ್ಚಿ ಮ್ಯಾಲ ಕೂಡಸ್ತೇನಿ" ಎಂದು ಹೇಳಿ ಟಾಂಗಾ ಹತ್ತಿದ. ನಾನು ಅವನಿಗೆ ರಸೀದಿ ಬರೆದು ಕೊಟ್ಟೆ.

ಆಮೇಲಿನ ತಿಂಗಳುಗಳಲ್ಲಿ ಯಾರಿಗೂ ಯಾರ ಸುದ್ದಿಯೂ ತಿಳಿಯುತ್ತಿರಲಿಲ್ಲ. ದಾರಿ ಬಂದಾದವು, ಟಪಾಲು ನಿಂತಿತು. ಎಷ್ಟೋ ಮನೆಯವರು ಗಲಭೆಗೆ ಹೆದರಿ ಸರಹದ್ದು ದಾಟಿ ಅಕ್ಕಲಕೋಟೆಯ ಕಡೆ ಹೋಗಿ ಗುಡಿಗಳಲ್ಲಿ ಉಳಿದರು. ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಫೌಜು ಬಂತು, ನಿಜಾಮರ ಸರ್ಕಾರ ಹೋಯಿತು. ಆಮೇಲಿನ ಗಲಭೆಯಲ್ಲಿ ಮುಸಲ್ಮಾನರ ಮನೆಗಳಿಗೆ ಆಪತ್ತು ಬಂತು, ಇಸ್ಮಾಯಿಲ ಅಂದಿನಿಂದ ನಾಕಾಕ್ಕೆ ಬರಲಿಲ್ಲ. ಅವನ ಮನೆಗೆ ಹೋಗಿ ವಿಚಾರಿಸುವ ಧೈರ್ಯ ನನಗಾಗಲಿಲ್ಲ, ಅದಕ್ಕೂ ನನಗೆ ನಾಚಿಕೆಯಿದೆ.

ದೀಪಾವಳಿಯ ಹೊತ್ತಿಗೆ ಸೊಲ್ಲಾಪುರದಲ್ಲಿ ಆ ಚಿತ್ರ ನಡೆಯುತ್ತಿದೆಯೆಂದು ತಿಳಿದು ಹೋದೆ. ಖುರ್ಚಿಯ ಟಿಕೀಟು ನಾನೇ ತೆಗೆಸಿದೆ. ಕತೆ ಅಷ್ಟಕ್ಕಷ್ಟೇ, ಹಾಡು ಬಹಳ. ಕೊನೆಗೆ ಹೊಳೆ ಬಂತು. ನಾನು ಹುಟ್ಟಿದಾಗಿನಿಂದ ನೋಡಿದ ಭೀಮೆ ಅದು, ಆದರೆ ಹಾಗೆ ನಾನೆಂದೂ ನೋಡಿರಲಿಲ್ಲ. ನೀರಿನ ಮೇಲೆ ಹಬೆಯಾಡುತ್ತಿತ್ತು. ಹೆಣ್ಣುಮಗಳು ಸೊಂಟದವರೆಗೆ ಇಳಿದಳು, ದೀಪ ಬಿಟ್ಟಳು. ದೀಪ ಸರಿಯಿತು. ಅವಳ ಭುಜದ ಮೇಲೆ ಬಿಸಿಲು ಮೂಡುತ್ತಿತ್ತು. ಥಿಯೇಟರಿನಲ್ಲಿ ಯಾರೂ ಕೆಮ್ಮಲಿಲ್ಲ. ಅವಳು ಹೊರಳತೊಡಗಿದಳು. ಆಗ ಆಕಾಶದಲ್ಲಿ ಹೆಬ್ಬೆರಳಗಲದ ಒಂದು ಕಪ್ಪು ಮಚ್ಚೆ ಕಂಡಿತು, ಅದರ ಹಿಂದೆ ಇನ್ನೊಂದು. ಅಷ್ಟಕ್ಕೇ ಕತ್ತರಿಸಿದ್ದರು. ಮುಂದೆ ಬರೀ ಗುಡಿಯ ಗಂಟೆ, ಸಮಾಪ್ತ.

ನಗು ಬರಲೇ ಇಲ್ಲ. ನನ್ನ ಪಕ್ಕದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು, "ಪಾಪ, ಸತ್ತಳು" ಎಂದಳು. ಚಿತ್ರದುದ್ದಕ್ಕೂ ಕಷ್ಟಪಟ್ಟು ಕೊನೆಗೆ ಬದುಕಬೇಕಾಗಿದ್ದ ಹೆಣ್ಣನ್ನು ನನ್ನ ಹೆಬ್ಬೆರಳು ಮುಳುಗಿಸಿತ್ತು.

ಮರುದಿನವೇ ಕಿಣ್ಣಿ ಸುಲ್ತಾನಕ್ಕೆ ಹೋದೆ. ರೇವಣಪ್ಪ ಮನೆಯಲ್ಲೇ ಇದ್ದ, ಅಂಗಳದಲ್ಲಿ ಕುಳಿತು ಬಾರಕೋಲಿಗೆ ಚರ್ಮ ಕಟ್ಟುತ್ತಿದ್ದ. ನಿಂಬೆವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಕೂಡಲೂ ಇಲ್ಲ, ನಿಂತಲ್ಲೇ ಹೇಳಿಬಿಟ್ಟೆ.

"ಗೊತ್ತದ" ಎಂದ. ಕೈ ಕೆಲಸ ನಿಲ್ಲಿಸಲಿಲ್ಲ. "ತೊಳದ ದಿನಾನೇ ಗೊತ್ತಾತು. ಗೇಣು ಗೇಣಿಗೂ ಒಂದೊಂದು ಹೆಬ್ಬಟ್ಟು. ನಮ್ಮ ಸ್ಟುಡಿಯೋದಾಗ ಹಂಗ ತಿಕ್ಕಿ ನೋಡೋರು ಯಾರೂ ಇಲ್ಲ."

"ಸೇಠಗ ಏನ ಹೇಳಿದಿ?"

"ನಂದ ಕೈ ಅಂದ್ನಿ. ಬ್ಯಾರೇದವರ ಕೈಯಾಗ ಡಬ್ಬಿ ಕೊಟ್ಟೆ ಅಂದ್ರ ಅದು ಇನ್ನೊಂದು ತಪ್ಪ. ಮತ್ತ ನಾಕಾದವರ ಹೆಸರ ಹೇಳಿದ್ರ ನಿನ್ನ ಗತಿ ಏನ ಆಗತಿತ್ತು ಆಗ?"

ನಾನು ಸೇಠನಿಗೆ ಪತ್ರ ಬರೆಯುತ್ತೇನೆ, ತಪ್ಪು ನನ್ನದೆಂದು ರುಜು ಹಾಕಿ ಕೊಡುತ್ತೇನೆ ಎಂದೆ. ಅವನು ಬೇಡವೆಂದು ತಲೆಯಲ್ಲಾಡಿಸಿದ. ಮುಂದಿನ ಚಿತ್ರ ಆಗಲೇ ಬೇರೆಯವನ ಕೈಯಲ್ಲಿ ಅರ್ಧ ಮುಗಿದಿತ್ತಂತೆ. ಬರುವ ವಾರ ರೇವಣಪ್ಪ ಕೊಲ್ಲಾಪುರಕ್ಕೆ ಹೋಗುವವನಿದ್ದ. ಮತ್ತೆ ಫಿಲ್ಮು ತುಂಬುವ ಕೆಲಸಕ್ಕೆ, ತಾನೇ ಕಲಿಸಿದ ಹುಡುಗನ ಕೈಕೆಳಗೆ.

"ಜ್ವಾಳದ ಹೊಲದ ಪಿಚ್ಚರ?" ಎಂದು ಕೇಳಿದೆ. ಕೇಳಬಾರದಿತ್ತು.

"ತೆಗಿತೇನಿ" ಎಂದ. "ಐದ ವರ್ಷ ಆಗಲಿ, ಹತ್ತ ವರ್ಷ ಆಗಲಿ. ಎಲ್ಲಿ ನಿಂತು ತೆಗಿಬೇಕು ಅಂತ ಹೊಲ ಸುದ್ದಾ ನೋಡಿ ಇಟ್ಟೇನಿ." ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ. "ಮುಟ್ಟಿದ್ದಕ್ಕ ನನಗ ಸಿಟ್ಟಿಲ್ಲೋ. ಕೇಳಿದ್ನಲ್ಲ ನಾ ನಿನಗ. ಬಾಯಿ ಬಿಟ್ಟು ಕೇಳಿದ್ನಿ."

ನಾನು ಅಂಗಳದಲ್ಲೇ ಅವನ ಎದುರಿಗೆ ಕುಳಿತೆ.

ಅಷ್ಟರಲ್ಲಿ ನಿಂಬೆವ್ವ ಎರಡು ತಾಟು ಹಿಡಿದು ಹೊರಗೆ ಬಂದಳು. ರೊಟ್ಟಿ, ಪುಂಡಿಪಲ್ಯ. ನನ್ನ ಮುಂದೊಂದು ತಾಟಿಟ್ಟು ಎದುರಿಗೇ ಕುಳಿತಳು. ಮಡಿಮೈಲಿಗೆಯ ನೆನಪು ಬರಲಿಲ್ಲ ನನಗೆ, ರೊಟ್ಟಿ ಮುರಿದೆ.

"ಯಪ್ಪಾ, ನೀ ಸರಕಾರಿ ಕೆಲಸದಾಗ ಇದ್ದಾಂವ, ಓದಿದಾಂವ" ಎಂದಳು. "ಇಂವ ಮುಂದಿನ ವರ್ಷ ನಮ್ಮ ಊರಿನ ಸಿನಿಮಾ ಮಾಡ್ತೇನಿ, ಸೇಠ ಮಾತ ಕೊಟ್ಟಾನ ಅಂತ ಹೇಳ್ತಾನ. ಮನಿ ಮಂದಿ ಯಾರೂ ನಂಬವಲ್ಲರು. ಖರೇ ಏನಪಾ ಅದು?"

ರೇವಣಪ್ಪ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದ. ಕತ್ತೆತ್ತಲಿಲ್ಲ.

"ಹೌದ್ರಿ ಯವ್ವಾ, ಖರೇ ಅದ" ಎಂದೆ. "ಮುಂದಿನ ವರ್ಷ."

ಅವಳು ಒಳಗೆ ಹೋಗಿ ನನಗೆ ಇನ್ನೊಂದು ರೊಟ್ಟಿ ತಂದಳು.