ಮತದಾರರ ಪಟ್ಟಿಯಲ್ಲಿ ಅಜ್ಜನ ಹೆಸರು

ನಿಮ್ಮ ಅಮ್ಮನಿಗೆ ಒಂದೇ ವರ್ಷದಲ್ಲಿ ಐದು ಸಲ ಹುಟ್ಟುಹಬ್ಬ ಮಾಡಿದ್ದೇವೆ ಎಂದರೆ, ಮೊಮ್ಮಕ್ಕಳೇ, ನೀವು ನಗುತ್ತೀರಿ. ಅವಳೂ ನಗುತ್ತಾಳೆ. ಅದು ಯಾಕೆಂದು ಅವಳಿಗೂ ಪೂರ್ತಿ ಗೊತ್ತಿಲ್ಲ. ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು, ನಾಲ್ಕು ಜನರೆದುರು ಬಾಯಿ ತೆರೆಯಲು ಹೆದರುವವಳು. ಹೇಳಲಾಗದ್ದನ್ನು ಈ ಪುಸ್ತಕದಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಸೌದಿಯ ದಹ್ರಾನಿನಲ್ಲಿ ಎಣ್ಣೆ ಕಂಪನಿಯ ಪಂಪುಗಳನ್ನು ರಿಪೇರಿ ಮಾಡುತ್ತಿದ್ದರು. ಆದರೆ ಅವರ ಜೀವ ಇದ್ದದ್ದು ಊರಿನ ಒಂದು ಸಣ್ಣ ಪಕ್ಷದಲ್ಲಿ. ನಮ್ಮ ಕರಾವಳಿ ಬೇರೆಯಾಗಬೇಕು, ನಮ್ಮ ಆಡಳಿತ ನಮ್ಮ ಕೈಯಲ್ಲೇ ಇರಬೇಕು ಎನ್ನುತ್ತಿದ್ದ ಪಕ್ಷ. ಈಗ ಅದರ ಬೋರ್ಡು ಕೂಡ ಎಲ್ಲೂ ಉಳಿದಿಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಕ್ಷೇತ್ರದಲ್ಲಿ ಗೆದ್ದದ್ದು ಅದೇ. ನಿಂತವರು ಊರಿನ ಹಳೆಯ ಡಾಕ್ಟರು. ರಜೆಯಲ್ಲಿ ಬಂದಿದ್ದ ಅಜ್ಜ ಆ ಡಾಕ್ಟರನ್ನು ಹೆಗಲ ಮೇಲೆ ಕೂರಿಸಿಕೊಂಡು ಪೇಟೆ ಸುತ್ತಿದರು. ಆಮೇಲೆ ಒಂದು ವಾರ ಆ ಹೆಗಲಿಗೆ ಎಣ್ಣೆ ತಿಕ್ಕಿದವಳು ನಾನು.

ಕೊಲ್ಲಿಯ ಯುದ್ಧ ಮುಗಿದ ಮೇಲೆ ನನಗೂ ನಿಮ್ಮ ಅಮ್ಮನಿಗೂ ವೀಸಾ ಬಂತು. ಹೊರಡಲು ಒಂದು ತಿಂಗಳಿರುವಾಗ ಮತದಾರರ ಪಟ್ಟಿ ತಿದ್ದಲು ಶಾಲೆಯ ಮಾಷ್ಟ್ರು ಮನೆಗೆ ಬಂದರು. ತವರಿನ ಶಾಲೆಯಲ್ಲಿ ನನಗೆ ಮಗ್ಗಿ ಹೇಳಿಕೊಟ್ಟು, ಆಮೇಲೆ ಈ ಊರಿಗೆ ವರ್ಗವಾಗಿ ಬಂದವರು. ಅವರ ಎದುರು ನಾನು ಸುಳ್ಳು ಹೇಳಿದ್ದೇ ಇಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಬಾಗಿಲ ಸಂದಿಯಲ್ಲಿ ನಿಂತುಕೊಂಡೇ ಉತ್ತರ ಕೊಟ್ಟೆ.

“ಗಂಡ ಈಗ ಇಲ್ಲೇ ಉಂಟಾ ಮಗೂ?”

“ಇಲ್ಲ ಮಾಷ್ಟ್ರೇ. ಸೌದಿಯಲ್ಲಿ. ನಾನೂ ಹೋಗ್ತೇನೆ. ಇನ್ನು ಅಲ್ಲೇ.”

ಅವರು ಪಟ್ಟಿಯಲ್ಲಿ ನಮ್ಮಿಬ್ಬರ ಹೆಸರಿನ ಮೇಲೆ ಎರಡು ಗೆರೆ ಎಳೆದರು. ಕೆಂಪು ಪೆನ್ಸಿಲು. ನಾನು ನೀರು ಬೇಕಾ ಎಂದು ಕೇಳಿದೆ, ಅವರು ಕುಡಿದು ಹೋದರು. ಎಲ್ಲರ ಮನೆಯಲ್ಲೂ ಇಂಥ ಪ್ರಶ್ನೆಗೆ “ರಜೆಗೆ ಹೋಗಿದ್ದಾರೆ, ಬರ್ತಾರೆ” ಎನ್ನುತ್ತಾರಂತೆ. ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ದಹ್ರಾನಿನಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಒಂದು ಶುಕ್ರವಾರ ಮಧ್ಯಾಹ್ನ ಪಕ್ಷದವರು ನಮ್ಮ ಮನೆಯಲ್ಲಿ ಸೇರುತ್ತಿದ್ದರು. ಆ ದೇಶದಲ್ಲಿ ಸಭೆ ಮಾಡುವ ಹಾಗಿಲ್ಲ. ಯಾರಾದರೂ ದೂರು ಕೊಟ್ಟರೆ ಇಕಾಮಾ, ಅಂದರೆ ಅಲ್ಲಿ ಇರಲು ಕೊಡುವ ಪರವಾನಗಿ, ರದ್ದಾಗಿ ಊರಿಗೆ ಹೊರಡಬೇಕಾಗುತ್ತಿತ್ತು. ಅದಕ್ಕೆ ಬಾಗಿಲಿಗೆ ಬಲೂನು ಕಟ್ಟಿ, ಕೇಕು ತಂದು, ನಿಮ್ಮ ಅಮ್ಮನಿಗೆ ಹೊಸ ಫ್ರಾಕು ತೊಡಿಸಿ ಕೂರಿಸುತ್ತಿದ್ದೆವು. ಕಾಂಪೌಂಡಿನ ಕಾವಲುಗಾರನಿಗೂ ಒಂದು ತುಂಡು ಕೇಕು ಹೋಗುತ್ತಿತ್ತು. ಇಪ್ಪತ್ತೈದು ಮೂವತ್ತು ಗಂಡಸರು ಚಾಪೆಗಳ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಊರಿನ ಬಂದರು, ರಸ್ತೆ, ಬೆಂಗಳೂರಿನವರ ತಾತ್ಸಾರ ಎಂದು ಮಾತಾಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಉಡುಪಿ ಕಡೆಯ ಕ್ರಿಶ್ಚಿಯನ್ನರೊಬ್ಬರಿದ್ದರು, ಕಂಪನಿಯ ಸ್ಟೋರ್ ನೋಡಿಕೊಳ್ಳುವವರು, ಭಾರೀ ತಮಾಷೆಯವರು. ನಿಮ್ಮ ಅಮ್ಮನ ಕೆನ್ನೆ ಚಿವುಟಿ, “ಹೀಗೇ ಆದ್ರೆ ಈ ಹುಡುಗಿ ನಮ್ಗಿಂತ ಮೊದ್ಲು ಮುದುಕಿ ಆಗ್ತಾಳೆ ಮಾರಾಯ” ಎನ್ನುತ್ತಿದ್ದರು.

ಮುಂದಿನ ಚುನಾವಣೆಯಲ್ಲಿ ಡಾಕ್ಟರು ಸೋತರು. ಸ್ವಲ್ಪದರಲ್ಲಿ ಸೋತರು ಎಂದು ಫೋನು ಬಂತು. ಆ ಶುಕ್ರವಾರ ಯಾರೂ ಕೇಕು ಕತ್ತರಿಸಲಿಲ್ಲ. ಎಲ್ಲರೂ ಬೇರೆ ಬೇರೆಯವರನ್ನು ಬೈದು ಮುಗಿಸಿದ ಮೇಲೆ ಸ್ಟೋರಿನವರು ಹೇಳಿದರು: “ಬೈಯ್ಲಿಕ್ಕೆ ಎಂತ ಉಂಟು? ನಮ್ಮ ಪಕ್ಷದ ಓಟೆಲ್ಲ ಇಲ್ಲಿ ಚಾಪೆ ಮೇಲೆ ಕೂತಿದೆ.”

ಅದು ನಿಜವಾಗಿತ್ತು. ನಮ್ಮದೇ ನಾಡು ಬೇಕು ಎಂದು ಕೂಗುವ ವಯಸ್ಸಿನವರೆಲ್ಲ ನಾಡು ಬಿಟ್ಟು ಬಂದಿದ್ದರು. ಊರಿನಲ್ಲಿ ಸಭೆಗೆ ಜನ ಸೇರುತ್ತಿದ್ದದ್ದು ಇವರು ರಜೆಯಲ್ಲಿ ಹೋದಾಗ ಮಾತ್ರ. ಪಂಚಾಯತಿಯಲ್ಲಿದ್ದ ಸ್ಥಾನಗಳೂ ಆ ವರ್ಷಗಳಲ್ಲಿ ಒಂದೊಂದಾಗಿ ಹೋದವು. ಡಾಕ್ಟರು ತೀರಿಕೊಂಡರು. ಶುಕ್ರವಾರದ ಚಾಪೆಗಳಲ್ಲಿ ಒಂದನ್ನು ನಾನು ಮಡಚಿಟ್ಟೆ, ಆಮೇಲೆ ಇನ್ನೊಂದನ್ನು.

ಆ ದಶಕದ ಕೊನೆಗೆ ಮತ್ತೆ ಚುನಾವಣೆ ಬಂದಾಗ, ನೀವೇ ನಿಲ್ಲಬೇಕು, ಬೇರೆ ಯಾರೂ ಒಪ್ಪುತ್ತಿಲ್ಲ ಎಂದು ಊರಿನಿಂದ ಅಜ್ಜನಿಗೆ ಕಾಗದ ಬಂತು. ಅಜ್ಜ ಅದನ್ನು ಮೂರು ಸಲ ಓದಿದರು. ಗೆದ್ದರೆ ಸೌದಿ ಬಿಟ್ಟೇಬಿಡುವುದು ಎಂದರು. ಅಡುಗೆಮನೆಯಲ್ಲಿ ನನ್ನನ್ನೂ ನಿಮ್ಮ ಅಮ್ಮನನ್ನೂ ನಿಲ್ಲಿಸಿ ಭಾಷಣ ಅಭ್ಯಾಸ ಮಾಡಿದರು. ಇಂಗ್ಲಿಷಿನಲ್ಲೇ ಓದುತ್ತಿದ್ದ ನಿಮ್ಮ ಅಮ್ಮನಿಗೆ ಅರ್ಧ ಅರ್ಥವಾಗಲಿಲ್ಲ, ಆದರೂ ಕೈ ತಟ್ಟಿದಳು.

ನನಗೆ ಕೆಂಪು ಪೆನ್ಸಿಲು ನೆನಪಾಯಿತು. ಹೆಸರಿಲ್ಲದವರು ನಿಲ್ಲಬಹುದೇ ಇಲ್ಲವೇ ನನಗೆ ಗೊತ್ತಿರಲಿಲ್ಲ. “ಪಟ್ಟಿಯಲ್ಲಿ ಹೆಸರು ಉಂಟಾ ಅಂತ ಒಮ್ಮೆ ಕೇಳಿ” ಎಂದಷ್ಟೇ ಹೇಳಿದೆ. ಅವರು ಊರಿನಲ್ಲಿದ್ದ ಅಣ್ಣನಿಗೆ, ಅಂದರೆ ನನ್ನ ಭಾವನಿಗೆ, ಬರೆದರು. ಭಾವ ದೊಡ್ಡ ಪಕ್ಷದ ಕಡೆಯವರು, ಆದರೆ ಅಣ್ಣತಮ್ಮಂದಿರು ಒಂದೇ ಬಟ್ಟಲಿನಲ್ಲಿ ಉಂಡವರು. ಉತ್ತರ ಬಂತು: ನೋಡಿದ್ದೇನೆ, ನಿನ್ನ ಹೆಸರು ಉಂಟು, ನಿನ್ನ ಹೆಂಡತಿಯದ್ದೂ ಉಂಟು. ನನ್ನ ಎದೆ ಹಗುರವಾಯಿತು. ಮಾಷ್ಟ್ರು ಗೆರೆ ಅಳಿಸಿರಬೇಕು ಎಂದುಕೊಂಡೆ. ಅಲ್ಲಿಗೆ ಬಾಯಿ ಮುಚ್ಚಿದೆ. ಭಾವ ನೋಡಿದ್ದು ಯಾವುದೋ ಹಳೆಯ ಪಟ್ಟಿ ಎಂದು ಅಕ್ಕ, ಅಂದರೆ ಭಾವನ ಹೆಂಡತಿ, ನನಗೆ ಹೇಳಿದ್ದು ಎಷ್ಟೋ ವರ್ಷಗಳ ನಂತರ.

ಕಂಪನಿ ಒಂದು ತಿಂಗಳ ರಜೆ ಕೊಟ್ಟಿತು. ಮರಳಿ ಬರುವ ವೀಸಾ ಹೊಡೆಸಿಕೊಂಡು ಅಜ್ಜ ಹೊರಟರು. ನಿಮ್ಮ ಅಮ್ಮನಿಗೆ ಪರೀಕ್ಷೆ ಇದ್ದದ್ದರಿಂದ ನಾವು ಉಳಿದೆವು. ಅವರು ಊರು ಮುಟ್ಟುವಾಗ ನಾಮಪತ್ರ ಕೊಡಲು ಎರಡು ದಿನ ಬಾಕಿ ಇತ್ತು.

ಮೂರನೆಯ ದಿನ ಮಧ್ಯಾಹ್ನ ಫೋನು ಬಂತು. ಪೇಟೆಯ ಬೂತಿನಿಂದ ಮಾಡಿದ್ದು, ಹಿಂದೆ ಬಸ್ಸಿನ ಹಾರನ್ನು ಕೇಳುತ್ತಿತ್ತು.

“ಹೆಸ್ರಿಲ್ಲ ಮಾರಾಯ್ತಿ. ಅರ್ಜಿಯಲ್ಲಿ ಪಟ್ಟಿಯ ನಂಬ್ರ ಬರೀಬೇಕು. ಹುಡುಕಿ ಹುಡುಕಿ ಸಾಕಾಯ್ತು. ಹೆಸ್ರಿಲ್ಲದವ ನಿಲ್ಲುವ ಹಾಗಿಲ್ಲಂತೆ. ಟೈಮು ಮುಗೀತು.”

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

“ಅಣ್ಣ ತೆಗೆಸಿದ್ದು. ಉಂಟು ಅಂತ ಬರೆದು, ಹಿಂದಿನಿಂದ ತೆಗೆಸಿದ್ದು. ಕೇಳ್ತಾ ಇದ್ದಿಯಾ?”

ಆಗ ಹೇಳಬೇಕಿತ್ತು. ಒಂದು ಉಸಿರಿನಷ್ಟು ಮಾತು ಅದು. ತೆಗೆಸಿದ್ದು ನಾನು, ಭಾವ ಅಲ್ಲ. ಬಾಯಿಗೆ ಬಂದದ್ದು ಬೇರೆಯೇ.

“ಊಟ ಆಯ್ತಾ ನಿಮ್ದು?” ಎಂದು ಕೇಳಿದೆ.

ಅವರು ಫೋನು ಇಟ್ಟರು. ಅದೇ ಸಂಜೆ ಭಾವನ ಅಂಗಳಕ್ಕೆ ಹೋಗಿ, ಇನ್ನು ನಾನು ನಿನ್ನ ಹೊಸಿಲು ತುಳಿಯುವುದಿಲ್ಲ, ನೀನೂ ನನ್ನದನ್ನು ತುಳಿಯಬೇಡ ಎಂದು ಹೇಳಿ ಬಂದರಂತೆ. ಭಾವ ಎದುರಾಡಲಿಲ್ಲವಂತೆ. ಆ ಸಲ ನಮ್ಮ ಕ್ಷೇತ್ರದ ಮತಪತ್ರದಲ್ಲಿ ಪಕ್ಷದ ಗುರುತೇ ಇರಲಿಲ್ಲ. ಪಕ್ಕದ ಕ್ಷೇತ್ರದಲ್ಲಿ ನಿಂತವರ ಠೇವಣಿ ಹೋಯಿತು. ಒಮ್ಮೆ ಬೇರೆ ಗುರುತಿಗೆ ಒತ್ತಿದ ಜನ ಮತ್ತೆ ನಮ್ಮ ಕಡೆ ತಿರುಗಲಿಲ್ಲ.

ಅಜ್ಜ ದಹ್ರಾನಿಗೆ ಮರಳಿದರು. ರಜೆಯ ಇನ್ನೂ ಹತ್ತು ದಿನ ಬಾಕಿ ಇತ್ತು. ಮುಂದಿನ ಶುಕ್ರವಾರ ತಾವೇ ಬಲೂನು ಕಟ್ಟಿದರು. ಸ್ಟೋರಿನವರು ಒಬ್ಬರೇ ಬಂದರು. ಇಬ್ಬರೂ ಕೇಕಿನ ಎದುರು ಕೂತು ಟಿವಿಯಲ್ಲಿ ಅರಬಿ ವಾರ್ತೆ ನೋಡಿದರು. ಕೊನೆಗೆ ಸ್ಟೋರಿನವರು, “ಕೂಸಿಗೆ ನಿಜವಾದ ಹುಟ್ಟುಹಬ್ಬ ಯಾವಾಗ ಮಾರಾಯ? ಆವತ್ತು ಬರ್ತೇನೆ” ಎಂದು ಎದ್ದು ಹೋದರು. ನಾನು ಕೇಕನ್ನು ಫ್ರಿಜ್ಜಿನಲ್ಲಿಟ್ಟೆ. ಅದು ಗಟ್ಟಿಯಾಗಿ ಎಸೆಯುವವರೆಗೆ ಯಾರೂ ಮುಟ್ಟಲಿಲ್ಲ.

ಭಾವ ಬರೆದ ಕಾಗದಗಳನ್ನು ಅಜ್ಜ ಒಡೆಯದೆ ವಾಪಸು ಕಳಿಸಿದರು. ಭಾವನ ಮಗಳ ಮದುವೆಯ ಕರೆಯೋಲೆಯನ್ನೂ. ಪ್ರತಿ ಸಲ ಅವನ್ನು ಬೇರೆ ಲಕೋಟೆಯಲ್ಲಿ ಹಾಕಿ ಅಂಟು ಹಚ್ಚಿದವಳು ನಾನು. ನಾಳೆ ಹೇಳುತ್ತೇನೆ, ಜ್ವರ ಇಳಿಯಲಿ ಹೇಳುತ್ತೇನೆ, ಊರಿಗೆ ಹೋದಾಗ ಹೇಳುತ್ತೇನೆ ಎಂದುಕೊಂಡೆ. ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಟವರು ಶೂ ಕಟ್ಟುತ್ತಾ ಕೂತಲ್ಲೇ ಕುಸಿದರು. ಆಸ್ಪತ್ರೆಗೆ ಮುಟ್ಟಲಿಲ್ಲ.

ಹೆಣ ಊರಿಗೆ ಬಂದ ದಿನ ಭಾವ ಗೇಟಿನ ಹೊರಗೆ ನಿಂತಿದ್ದರು. ತಮ್ಮ ಹೇಳಿದ ಮಾತನ್ನು ಮೀರಿ ಒಳಗೆ ಬರಲಿಲ್ಲ. ಬಿಸಿಲಿನಲ್ಲಿ ಟವೆಲು ತಲೆಗೆ ಹಾಕಿಕೊಂಡು, ಹೆಣ ಎತ್ತುವವರೆಗೂ ನಿಂತೇ ಇದ್ದರು. ಹೆಂಗಸರು ನನ್ನನ್ನು ಹಿಡಿದುಕೊಂಡು, ಗಂಡನಿಗೆ ಅಳುತ್ತಾಳೆ ಎಂದರು. ನಾನು ನೋಡುತ್ತಿದ್ದದ್ದು ಗೇಟನ್ನು.

ಬಸ್‌ಸ್ಟ್ಯಾಂಡಿಗೆ ಹೋಗುವಾಗ ಎಡಗಡೆ ಹಸಿರು ಗೇಟಿನ ಮನೆ ಸಿಗುತ್ತದಲ್ಲ, ಯಾರದ್ದೆಂದು ನೀವು ಕೇಳಿದಾಗಲೆಲ್ಲ ನಾನು ಮಾತು ತಪ್ಪಿಸಿದ್ದೇನೆ. ಅದು ಅವರದ್ದು. ಅವರು ನಿಮಗೆ ದೊಡ್ಡಜ್ಜ. ಅಕ್ಕ ಹೋಗಿ ಎರಡು ವರ್ಷವಾಯಿತು, ಈಗ ಒಬ್ಬರೇ ಇದ್ದಾರೆ. ನಾನು ಎರಡು ಸಲ ಗೇಟಿನ ಚಿಲಕಕ್ಕೆ ಕೈ ಹಾಕಿ ತಿರುಗಿ ಬಂದಿದ್ದೇನೆ. ಮೂರನೆಯ ಸಲ ಹೋಗುವ ಧೈರ್ಯ ನನಗಿಲ್ಲ ಎಂದು ಗೊತ್ತಾದ ಮೇಲೆಯೇ ಈ ಪುಸ್ತಕ ತೆಗೆದದ್ದು.

ನೀವು ಹೋಗಿ. ಇದನ್ನು ಅವರಿಗೆ ಓದಿ ಹೇಳಿ, ಮಾಷ್ಟ್ರು ಬಂದ ದಿನದಿಂದ ಶುರು ಮಾಡಿ. ಕಿವಿ ಮಂದವಾಗಿದೆಯಂತೆ. ಗಟ್ಟಿಯಾಗಿ ಓದಬೇಕು.