ಕಾಡಿನ ನಡುವೆ ಕನ್ನಡದಲ್ಲಿ ಕರೆದವಳು

ನಂಬುವವರು ನಂಬಿ, ಬಿಡುವವರು ಬಿಡಿ. ಕೇಳಿದ್ದು ನನ್ನ ಕಿವಿ, ಬಾಗಿಲಲ್ಲಿ ನಿಂತಿದ್ದು ನನ್ನ ಕಾಲು.

ನಾನು ಗುಂಡ್ಲುಪೇಟೆ ಕಡೆಯವಳು. ಗಂಡನಿಗೆ ಮಸಿನಗುಡಿಯ ರೆಸಾರ್ಟಿನಲ್ಲಿ ಅಡುಗೆ ಕೆಲಸ, ನನಗೆ ಗೂಡಲೂರಿನಲ್ಲಿ ಹೊಲಿಗೆ. ಬಂದ ಹೊಸತರಲ್ಲಿ ಬಸ್ಸಿನ ತಮಿಳು ಬೋರ್ಡ್ ಓದಲಾಗದೆ ಒಮ್ಮೆ ದಾರಿ ತಪ್ಪಿ ದೇವಾಲ ಎಂಬ ಊರಿಗೆ ಹೋಗಿ ಇಳಿದಿದ್ದೆ. ಎಲ್ಲರೂ ನಕ್ಕರು. ಮರುದಿನವೂ ಬಸ್ಸನ್ನೇ ಹತ್ತಿದೆ.

ಅವತ್ತು ಚಳಿಗಾಲದ ಸಂಜೆ, ಕೆಲಸ ಮುಗಿಸಿ ಬಸ್ಸಿನಲ್ಲಿ ಮಸಿನಗುಡಿಯ ಮನೆಗೆ ಬರುತ್ತಿದ್ದೆ, ಆಗಲೇ ಕತ್ತಲು. ತೆಪ್ಪಕಾಡಿನಲ್ಲಿ ಆನೆ ಮಾವುತರ ಮನೆಯವರು ಇಳಿದ ಮೇಲೆ ಉಳಿದದ್ದು ಡ್ರೈವರ್, ಕಂಡಕ್ಟರ್, ನಾನು. ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದೆ.

ಎಲ್ಲಿಂದಲೋ ಹುಚ್ಚೆಳ್ಳು ಹುರಿದ ವಾಸನೆ... ಬೆನ್ನ ಹಿಂದೆಯೇ ಮುದುಕಿಯೊಬ್ಬಳ ದನಿ.

"ಊರ್ ಬಂತು ಕನವ್ವ. ಇಳ್ಕೊ."

ನಮ್ಮ ಊರಿನದೇ ಮಾತು! ಎಷ್ಟು ತಿಂಗಳಾಗಿತ್ತೋ ಆ 'ಕನವ್ವ' ಕೇಳಿ. ನಿದ್ದೆಗಣ್ಣಲ್ಲೇ ಎದ್ದು, "ಸ್ಟಾಪ್" ಎಂದು ಕೂಗಿ ಬಾಗಿಲಿಗೆ ಬಂದೆ. ಬಸ್ಸು ನಿಂತಿತು. ಹೊರಗೆ ಒಂದು ದೀಪವೂ ಇಲ್ಲ. ಬರೀ ಕಾಡು.

"ಅಮ್ಮಾ, ಇಂಗ ಎರಂಗಾದೀಂಗ! ಯಾನೆ ಇರುಕ್ಕು!" ಕಂಡಕ್ಟರ್ ಚೀರಿದ. ಆನೆಯಿದೆ, ಇಳಿಯಬೇಡಿ ಎಂದು.

ಆಗಲೇ ಅದೇ ದನಿ ಮತ್ತೆ... ಈ ಸಲ ಹೊರಗಿನ ಕತ್ತಲೊಳಗಿಂದ.

"ಬಾ ಕನವ್ವ... ಯಾಕ್ ನಿಂತ್ಕಂಡೆ?"

ನನ್ನ ಹಿಂದಿದ್ದವಳು ನನ್ನನ್ನು ದಾಟದೆ ಹೊರಗೆ ಹೋದದ್ದು ಹೇಗೆ? ಬಾಗಿಲ ಕಂಬಿ ಹಿಡಿದುಕೊಂಡೆ. ಭಯದ ಹಿಂದೆಯೇ ಸಿಟ್ಟೂ ಬಂತು. ನನ್ನ ತವರ ಮಾತು ಆಡಿ ನನ್ನನ್ನೇ ಇಳಿಸುವುದೇ?

"ಇಳಿಯಾಕಿಲ್ಲ!" ಎಂದು ಕಿರುಚಿದೆ. "ನಮ್ಮೂರು ಯಾವ್ದು ಅಂತ ನಂಗೊತ್ತು. ನೀನೇ ಬೇಕಾದ್ರೆ ಹತ್ತು, ಟಿಕೆಟ್ ತಕ್ಕೊ!"

ಹೊರಗೆ ಸದ್ದಿಲ್ಲ. ಜೀರುಂಡೆಯೂ ಇಲ್ಲ. ಕಂಡಕ್ಟರ್ ಸೀಟಿ ಊದಿದ. ಅದು ಸರಿಯಾಗಿ ಹೊರಡಲೇ ಇಲ್ಲ, ಬಾಯಿ ಒಣಗಿತ್ತೇನೋ.

ಮಸಿನಗುಡಿಯಲ್ಲಿ ಇಳಿಯುವಾಗ ಅವನು ಮೆಲ್ಲಗೆ ಕೇಳಿದ. "ಅಮ್ಮಾ, ಆ ಪಾಟಿ ಮಲಯಾಳತ್ತುಲ ತಾನೇ ಕೂಪ್ಟಾಂಗ? ನೀವು ಯಾಕೆ ಕನ್ನಡತ್ತುಲ ಬದ್ಲು ಸೊನ್ನೀಂಗ?"

ಅವನ ಮನೆಮಾತು ಮಲಯಾಳ. ಆ ಅಜ್ಜಿ ಕರೆದದ್ದು ಅವನಿಗೆ ಮಲಯಾಳದಲ್ಲಿ ಕೇಳಿಸಿತ್ತು; ನಾನು ಕನ್ನಡದಲ್ಲಿ ಉತ್ತರ ಕೊಟ್ಟದ್ದೇ ಅವನಿಗೆ ವಿಚಿತ್ರ.

ಕೆಲಸ ಬಿಡು ಎಂದರು ಗಂಡ. ಬಿಡಲಿಲ್ಲ. ಇವತ್ತಿಗೂ ಅದೇ ಬಸ್ಸು, ಅದೇ ದಾರಿ. ನನ್ನನ್ನು ಅಲ್ಲಿಂದ ಓಡಿಸುವುದು ಯಾರ ಕೈಯಲ್ಲೂ ಆಗದು.

ಆದರೆ ತೆಪ್ಪಕಾಡು ದಾಟಿದ ಮೇಲೆ ಹಿಂದಿನಿಂದ ಯಾರು ಕನ್ನಡದಲ್ಲಿ ಮಾತಾಡಿಸಿದರೂ ನಾನು ತಿರುಗುವುದಿಲ್ಲ. ಮೊನ್ನೆ ಒಬ್ಬಾಕೆ "ಯಾವೂರವ್ವ ನಿಂದು?" ಎಂದು ಎರಡು ಸಲ ಕೇಳಿದಳು. ಪಾಪ, ನಮ್ಮ ಕಡೆಯವಳೇ ಇದ್ದಿರಬಹುದು...

ಇಲ್ಲದೆಯೂ ಇರಬಹುದು.