ಬೆಳೆಯುವ ಮಗುವಿಗೆಂದು ಬಿಟ್ಟ ಬಟ್ಟೆ

ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಅವರು ಟೈಲರ್ ಅತ್ತೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಎರಡು ಮಿಷನ್ನು, ಗೋಡೆಗೆ ಒರಗಿಸಿದ ಕನ್ನಡಿ, ಅತ್ತೆಯ ಕುತ್ತಿಗೆಯಲ್ಲಿ ಸದಾ ನೇತಾಡುವ ಅಳತೆ ಟೇಪು. ನನಗೆ ಹೊಲಿಗೆ ಕಲಿಸಿದ್ದು ಅವರೇ. ಬೈಗುಳ ಕಲಿಸಿದ್ದೂ ಅವರೇ ಎಂದರೆ ಸುಳ್ಳಲ್ಲ.

ಮಕ್ಕಳ ಬಟ್ಟೆ ಬಂದರೆ ಅತ್ತೆಯದೊಂದು ಪಟ್ಟು. ಫ್ರಾಕಿನ ಕೆಳಗಿನ ಅಂಚನ್ನು ಒಂದು ಬೆರಳಗಲ ಮಡಿಸಿದರೆ ಸಾಕು, ಇವರು ನಾಲ್ಕು ಬೆರಳಗಲ ಮಡಿಸುತ್ತಿದ್ದರು. "ಬೆಳೆಯೋ ಮಗು ಕಣೇ. ಮುಂದಿನ ವರ್ಷ ಬಿಚ್ಚಿ ಇಳಿಸಿದ್ರೆ ಇನ್ನೊಂದು ವರ್ಷ ಬರುತ್ತೆ" ಎನ್ನುತ್ತಿದ್ದರು. ಹೀಗೆ ಇಳಿಸಿದ ಮೇಲೆ ಹಳೆಯ ಮಡಿಕೆಯ ಗೆರೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ನಮ್ಮ ಬೀದಿಯ ಹೆಣ್ಣುಮಕ್ಕಳೆಲ್ಲ ಆ ಗೆರೆ ಹೊತ್ತೇ ಶಾಲೆಗೆ ಹೋದವರು.

ಅವರ ಇನ್ನೊಂದು ಪಟ್ಟು, ಕೆಲಸ ಕೆಟ್ಟರೆ ಯಾರು ಕೆಡಿಸಿದ್ದು ಎನ್ನುವುದನ್ನು ಮುಚ್ಚಿಡುತ್ತಿರಲಿಲ್ಲ. ಒಮ್ಮೆ ಒಂದು ಅಂಗಿಯ ತೋಳು ಹಿಂದುಮುಂದಾಯಿತು. ಹೊಲಿದವಳು ಮದುವೆಯಾಗಿ ಆಗಷ್ಟೇ ಮನೆಗೆ ಬಂದಿದ್ದ ಸೊಸೆ. ಗಿರಾಕಿ ರೇಗಾಡಿದಾಗ ಅತ್ತೆ ನೇರವಾಗಿ ಬೆರಳು ತೋರಿಸಿದರು. "ಇವಳೇ ಮಾಡಿದ್ದು. ನನ್ನ ಸೊಸೆ. ಬಿಚ್ಚಿ ಹೊಲಿದು ಕೊಡ್ತಾಳೆ, ಕೂತ್ಕೊಳ್ಳಿ." ಆ ಹುಡುಗಿ ಮುಖ ಸಣ್ಣದು ಮಾಡಿಕೊಂಡು ಬಿಚ್ಚತೊಡಗಿದಳು. ಎದುರಿನ ಮಿಷನ್ನಿನಲ್ಲಿದ್ದ ನಾನು ತಲೆ ತಗ್ಗಿಸಿ ನನ್ನ ಹೊಲಿಗೆಯನ್ನೇ ನೋಡಿದೆ.

ಆಮೇಲೆ ಊರ ಹೊರಗೆ ಗಾರ್ಮೆಂಟ್ಸ್ ಫ್ಯಾಕ್ಟರಿ ಬಂತು. ಅತ್ತೆಯ ಹತ್ತಿರ ಕಲಿತವರೆಲ್ಲ ಒಬ್ಬೊಬ್ಬರಾಗಿ ಅಲ್ಲಿಗೆ ಸೇರಿದೆವು. ಎಲ್ಲರಿಗಿಂತ ಮುಂಚೆ ಸೇರಿದವಳು ಅವರ ಸೊಸೆ. ಬೀದಿಯೇ ಅದಲುಬದಲಾಯಿತು. ಬೆಳಿಗ್ಗೆಯಾದರೆ ಹೆಂಗಸರು ಕುತ್ತಿಗೆಗೆ ಕಾರ್ಡು ನೇತುಹಾಕಿಕೊಂಡು ಬಸ್ಸಿಗೆ ಓಡುವುದು, ಗಂಡಸರು ಮಗುವನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಲ್ಲಿ ನಿಂತು ನೋಡುವುದು. ಒಲೆ ಯಾವ ದಿಕ್ಕಿನಲ್ಲಿದೆ ಎಂದು ಗೊತ್ತಿಲ್ಲದ ನನ್ನ ಗಂಡ ಅನ್ನ ಸೀಯಿಸುವುದನ್ನು ಕಲಿತ. ನಮ್ಮ ದನಿ ಒಂದಿಷ್ಟು ಏರಿತು, ಅದನ್ನು ನಾನು ಮುಚ್ಚಿಡುವುದಿಲ್ಲ. ಏರಬೇಕಾಗಿತ್ತು.

ಕೈಯಲ್ಲಿ ಸಂಬಳ ಬಂದ ಮೇಲೆ ಹೊಲಿಸುವ ಗೋಜು ಯಾರಿಗೆ ಬೇಕು? ಎಲ್ಲರೂ ರೆಡಿಮೇಡ್ ತಂದರು. ಅತ್ತೆಯ ಅಂಗಡಿಗೆ ನೊಣವೂ ಬರದ ಹಾಗಾಯಿತು. ಮಗನಿಗೆ ಕೆಲಸ ಸಿಕ್ಕಿದಾಗ ಸಿಕ್ಕಿತು, ಇಲ್ಲದಾಗ ಇಲ್ಲ. ಅಷ್ಟರಲ್ಲಿ ಸೊಸೆ ನಾವು ಸಾಲಾಗಿ ಕೂತು ಹೊಲಿಯುವ ಲೈನಿನ ಸೂಪರ್‌ವೈಸರ್ ಆಗಿ, ಮನೆ ಅವಳೊಬ್ಬಳ ಸಂಬಳದ ಮೇಲೆ ನಿಂತಿತ್ತು. ಒಂದು ದಿನ ಅತ್ತೆ, "ಕೂತು ತಿನ್ನೋದು ನನ್ನ ಕೈಲಾಗಲ್ಲ, ನಾನೂ ಬರ್ತೀನಿ" ಎಂದರು.

"ಬೇಡ ಅತ್ತೆ" ಎಂದಳು ಸೊಸೆ. "ಅಲ್ಲಿ ನಾನು ನಿಮಗೆ ಹೀಗೆ ಮಾಡಿ, ಹಾಗೆ ಮಾಡಿ ಅಂತ ಹೇಳಬೇಕಾಗುತ್ತೆ."

"ಹೇಳು. ಕೇಳ್ತೀನಿ."

ಕೇಳಿದರು ಕೂಡ. ಅವರದು ಹನ್ನೆರಡನೇ ಮಿಷನ್. ಅಂಚು ಮಡಿಸಿ ಹೊಲಿಯುವುದಷ್ಟೇ ಕೆಲಸ. ಒಂದು ಬೆರಳಗಲ, ಒಂದು ಗೆರೆ ಹೊಲಿಗೆ, ಮುಂದಕ್ಕೆ ತಳ್ಳು. ಇಡೀ ಬಟ್ಟೆ ಹೊಲಿದ ಕೈಗೆ ಅದು ಚಿತ್ರಹಿಂಸೆಯೇ ಆಗಿರಬೇಕು. ಪಕ್ಕದ ಮಿಷನ್ನಿನಲ್ಲಿ ತೋಳು ಕೂಡಿಸುತ್ತಿದ್ದ ನನಗೆ ಅವರ ನಿಟ್ಟುಸಿರು ಮಾತ್ರ ಕೇಳುತ್ತಿತ್ತು.

ಆಗ ಮಕ್ಕಳ ಫ್ರಾಕಿನ ದೊಡ್ಡ ಆರ್ಡರ್ ಬಂತು. ಅದು ಸರಿಯಾಗಿ ಹೋದರೆ ಸೊಸೆಯ ಕೆಲಸ ಖಾಯಂ, ಎಡವಟ್ಟಾದರೆ ಅವಳು ಮತ್ತೆ ಮಿಷನ್ನಿಗೆ. ಮ್ಯಾನೇಜರ್ ಇದನ್ನು ಎಲ್ಲರೆದುರೇ ಹೇಳಿದ್ದರು. ಮಾಲು ಕೆಡಿಸಿದವರಿಗೆ ಗೇಟಿನ ದಾರಿ ಎಂದೂ ಹೇಳಿದ್ದರು. ಕೊನೆಯ ದಿನ ಲಾರಿ ಬಂದು ಗೇಟಿನ ಹತ್ತಿರ ನಿಂತಿತು. ಬೆಳಗಿನಿಂದ ಮ್ಯಾನೇಜರ್ ನಮ್ಮ ಬೆನ್ನ ಹಿಂದೆ ಓಡಾಡುತ್ತಾ ಚಪ್ಪಾಳೆ ತಟ್ಟುತ್ತಿದ್ದರು. "ಬೇಗ, ಬೇಗ!" ಅವತ್ತು ಬಂದದ್ದು ಎಲ್ಲಕ್ಕಿಂತ ಚಿಕ್ಕ ಅಳತೆ, ಆಗಷ್ಟೇ ನಡೆಯಲು ಕಲಿತ ಮಗುವಿನದು. ಅಂಗೈಯಗಲದ ಎದೆ, ಬೆರಳುದ್ದದ ತೋಳು.

ಮಧ್ಯಾಹ್ನ ಮಾಲು ತಪಾಸಣೆ ಮಾಡುವ ಹುಡುಗಿ ಟೇಪು ಹಿಡಿದುಕೊಂಡು ಓಡಿಬಂದಳು. "ಮೇಡಂ, ಉದ್ದ ಕಮ್ಮಿ ಬರ್ತಿದೆ. ಎಲ್ಲಾ ಕಟ್ಟಿನಲ್ಲೂ."

ಮಿಷನ್ನುಗಳು ಒಂದೊಂದಾಗಿ ನಿಂತವು. ಸೊಸೆ ಒಂದು ಫ್ರಾಕ್ ಎತ್ತಿ ಒಳಮಗ್ಗುಲು ತಿರುಗಿಸಿದಳು. ಅವಳ ಮುಖದ ಬಣ್ಣ ಇಳಿದದ್ದು ನನಗೆ ಕಂಡಿತು. ಅಂಚು ನಾಲ್ಕು ಬೆರಳಗಲ ಮಡಿಸಿತ್ತು. ಅತ್ತೆ ಹೊಲಿದುಕೊಟ್ಟ ತನ್ನ ಮಗಳ ಫ್ರಾಕಿನಲ್ಲಿ ಸೊಸೆ ಎಷ್ಟೋ ಸಲ ಬಿಚ್ಚಿದ್ದ ಮಡಿಕೆ ಅದು. ಗಡಿಬಿಡಿಯಲ್ಲಿ, ಆ ಪುಟ್ಟ ಬಟ್ಟೆ ಕಂಡದ್ದೇ ತಡ, ಅತ್ತೆಯ ಕೈ ತನ್ನ ಪಾಡಿಗೆ ತಾನು ಹಳೆಯ ಕೆಲಸ ಮಾಡಿಬಿಟ್ಟಿತ್ತು.

ಅತ್ತೆಗೂ ಈಗ ಗೊತ್ತಾಯಿತು. ಅವರು ತಮ್ಮ ಕೈಗಳನ್ನೇ ನೋಡುತ್ತಾ ಕೂತರು.

ಮ್ಯಾನೇಜರ್ ಬಂದರು. "ಕಟಿಂಗಿನವರು ಗಿಡ್ಡ ಕತ್ತರಿಸಿದ್ದಾರಾ? ಅವರನ್ನ ಕರೀರಿ."

ತಪ್ಪಿಸಿಕೊಳ್ಳಲು ದಾರಿ ತಾನಾಗಿ ತೆರೆದಿತ್ತು. ಹೂಂ ಎಂದಿದ್ದರೆ ಆ ಹೊತ್ತಿಗೆ ಅತ್ತೆ ಉಳಿಯುತ್ತಿದ್ದರು, ಕಟಿಂಗಿನ ಯಾರೋ ಒಬ್ಬರು ಹೋಗುತ್ತಿದ್ದರು. ಹೂಂ ಅನ್ನೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಸೊಸೆ ಫ್ರಾಕನ್ನು ಮೇಜಿನ ಮೇಲಿಟ್ಟಳು.

"ಕಟಿಂಗ್ ಸರಿಯಾಗೇ ಇದೆ ಸರ್. ಅಂಚು ಜಾಸ್ತಿ ಮಡಿಸಿದೆ. ಹನ್ನೆರಡನೇ ಮಿಷನ್."

"ಎಬ್ಬಿಸಿ ಕಳಿಸಿ."

ಅತ್ತೆ ಕನ್ನಡಕ ತೆಗೆದು ಮಡಿಸಿದರು. ನನ್ನನ್ನು ದಾಟುವಾಗ, "ಬಟ್ಟೆ ಒಳಗೇ ಇದೆ ಕಣೇ, ಕತ್ತರಿಸಿಲ್ಲ. ಬಿಚ್ಚಿದ್ರೆ ಸರಿಹೋಗುತ್ತೆ" ಎಂದರು. ಯಾರ ಕಡೆಗೂ ನೋಡದೆ ಗೇಟಿನತ್ತ ನಡೆದರು. ನನಗೆ ಸೊಸೆಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಸಿಟ್ಟು ತೀರಿಸಿಕೊಳ್ಳಲು ಪುರಸೊತ್ತೆಲ್ಲಿ? ಇಡೀ ಲೈನು ಕೂತು ಬಿಚ್ಚಿದೆವು, ಮತ್ತೆ ಹೊಲಿದೆವು. ಸೊಸೆಯೂ ನೆಲದ ಮೇಲೆ ಕೂತು ಬಿಚ್ಚಿದಳು. ಹೊತ್ತು ಮುಳುಗುವಾಗ ಲಾರಿ ಹೊರಟಿತು. ಮ್ಯಾನೇಜರ್ ಅವಳ ಕೈ ಕುಲುಕಿದರು.

ಗೇಟಿನಾಚೆ ಕಲ್ಲುಬೆಂಚಿನ ಮೇಲೆ ಅತ್ತೆ ಕಾಯುತ್ತಾ ಕೂತಿದ್ದರು. ಬಸ್ಸು ತಪ್ಪಿದ್ದರಿಂದ ಮೂವರೂ ನಡೆದೇ ಹೊರಟೆವು.

"ಲಾರಿ ಹೋಯ್ತಾ?" ಎಂದರು ಅತ್ತೆ.

"ಹೋಯ್ತು."

"ನಿನ್ನ ಕೆಲಸ?"

"ಖಾಯಂ ಆಯ್ತು."

"ಸದ್ಯ." ಮತ್ತೆ ಸ್ವಲ್ಪ ದೂರ ನಡೆದರು. "ಆ ಮಕ್ಕಳು ಬೆಳೆದ್ರೆ ಏನು ಮಾಡ್ತಾರೆ?"

"ಹೊಸದು ಕೊಂಡ್ಕೋತಾರೆ ಅತ್ತೆ. ಬೆಳೆಯೋವರೆಗೂ ಆ ಬಟ್ಟೆ ಇಟ್ಕೊಳ್ಳೋದೇ ಇಲ್ಲ."

ಅತ್ತೆ ನಿಂತರು. "ನೀನು ಹೇಳಿದ್ದು ತಪ್ಪಲ್ಲ. ಕೆಡಿಸಿದವರು ಯಾರು ಅಂತ ಹೇಳಲೇಬೇಕು. ನಾನೇ ಕಲಿಸಿದ್ದು." ಅವರ ದನಿ ಒಡೆಯಿತು. "ಆದ್ರೆ ಅವತ್ತು ಗಿರಾಕಿ ಮುಂದೆ ನಾನು ನನ್ನ ಸೊಸೆ ಅಂದಿದ್ದೆ. ನೀನು ಹನ್ನೆರಡನೇ ಮಿಷನ್ ಅಂದ್ಯಲ್ಲೇ?"

ಸೊಸೆ ಅಳುತ್ತಿದ್ದಳು.

"ನಮ್ಮತ್ತೆ ಅಂತ ಬಾಯಿಗೆ ಬಂದಿದ್ರೆ ನಿಜ ಹೇಳೋಕೆ ಆಗ್ತಾನೇ ಇರಲಿಲ್ಲ ಅತ್ತೆ" ಎಂದಳು.